ಮಗುನ ಸ್ಕೂಲ್ ಟೀಮಿಗೆ ಕರೆದ್ರೆ: ಮುಂಬೈನಲ್ಲಿ ಎಲ್.ಸಿ. (ಸ್ಕೂಲ್ ಬಿಡೋ ಸರ್ಟಿಫಿಕೇಟ್) ತೆಗೆಯೋ ಮುಂಚೆ ನೋಡ್ಬೇಕಾದ್ದು

ಡೊಂಬಿವಲಿ, ಠಾಣೆ, ಮುಲುಂಡ್ ಕಡೆ ಇರೋ ನಮ್ಮ ಕನ್ನಡದವರಿಂದ ಪ್ರತಿ ವರ್ಷ ಪರೀಕ್ಷೆ ಮುಗಿಯೋ ಹೊತ್ತಿಗೆ ಒಂದೇ ಥರ ಫೋನ್ ಬರ್ತದೆ. ಹುಡುಗ ನೆಟ್ಸ್‌ನಲ್ಲಿ ಚೆನ್ನಾಗಿ ಆಡ್ತಾನೆ, ಯಾವುದೋ ದೊಡ್ಡ ಪ್ರೈವೇಟ್ ಸ್ಕೂಲಿನ ಕೋಚ್ ನೋಡಿದ್ದಾರೆ, "ಇವನನ್ನ ನಮ್ಮ ಸ್ಕೂಲಿಗೆ ಹಾಕಿ, ಫೀ ವಿಷಯ ನಾನು ನೋಡ್ಕೊಳ್ತೇನೆ" ಅಂದಿದ್ದಾರೆ, ಈಗ ಏನ್ ಮಾಡೋದು. ನನ್ನ ಇಬ್ಬರು ಮಕ್ಕಳೂ ಸ್ಕೂಲ್ ಟೀಮಲ್ಲಿ ಆಡಿದವರು, ಮೈದಾನದ ಹೊರಗೆ ಟಿಫಿನ್ ಡಬ್ಬಾ ಹಿಡ್ಕೊಂಡು ಕೂತು ಬೇರೆ ಅಪ್ಪ ಅಮ್ಮಂದಿರ ಜೊತೆ ಮಾತಾಡಿ ಮಾತಾಡಿ ತಿಳ್ಕೊಂಡಿದ್ದನ್ನೆಲ್ಲ ಒಂದೇ ಕಡೆ ಬರೆದುಬಿಡ್ತೇನೆ, ಆಮೇಲೆ ಫೋನ್ ಮಾಡೋರಿಗೆ ಇದನ್ನೇ ಕಳಿಸಬಹುದು.

ಹೆಚ್ಚು ಬರೆಯೋದು ಕ್ರಿಕೆಟ್ ಬಗ್ಗೇನೇ, ಯಾಕಂದ್ರೆ ಮುಂಬೈನಲ್ಲಿ ಸ್ಕೂಲ್‌ಗಳು ಹುಡುಕ್ಕೊಂಡು ಬಂದು ಮಕ್ಕಳನ್ನ ಕರ್ಕೊಂಡು ಹೋಗೋದು ಜಾಸ್ತಿ ಅದರಲ್ಲೇ. ಬ್ಯಾಡ್ಮಿಂಟನ್, ಈಜು ಬಗ್ಗೆ ಕೊನೆಗೆ ಸ್ವಲ್ಪ ಹೇಳ್ತೇನೆ.

ಸ್ಕೂಲಿಗೆ ಇದರಲ್ಲಿ ಏನ್ ಲಾಭ ಅಂತ ಮೊದಲು ಗೊತ್ತಿರ್ಬೇಕು. ಮುಂಬೈ ಸ್ಕೂಲ್ಸ್ ಸ್ಪೋರ್ಟ್ಸ್ ಅಸೋಸಿಯೇಷನ್ 1893ರಿಂದ ಉಂಟು, ಅದು ನಡೆಸೋ ಸ್ಕೂಲ್ ಕ್ರಿಕೆಟ್ ಟೂರ್ನಮೆಂಟ್‌ಗಳಲ್ಲಿ ಹ್ಯಾರಿಸ್ ಶೀಲ್ಡ್ 1890ರ ದಶಕದ್ದು, ಗೈಲ್ಸ್ ಶೀಲ್ಡ್ 1901ರದ್ದು. ಗೈಲ್ಸ್ 14ರ ಒಳಗಿನವರಿಗೆ, ಹ್ಯಾರಿಸ್ 16ರ ಒಳಗಿನವರಿಗೆ. ಈ ಎರಡು ಶೀಲ್ಡಿಗೆ ಇಲ್ಲಿ ಇರೋ ಬೆಲೆ ಹೊರಗಿನವರಿಗೆ ಅರ್ಥ ಆಗೋದು ಕಷ್ಟ, ಪೇಪರ್‌ನವರು ಸ್ಕೂಲ್ ಹುಡುಗರ ಸ್ಕೋರ್ ಹಾಕ್ತಾರೆ, ಒಂದು ಹುಡುಗ 300 ಹೊಡೆದ ಅಂದ್ರೆ ಸ್ಕೂಲಿನ ಹೆಸರು ಅವನ ಫೋಟೋ ಕೆಳಗೆ ಬರ್ತದೆ, ಮುಂದಿನ ವರ್ಷ ಅಡ್ಮಿಷನ್‌ಗೆ ಲೈನ್ ಉದ್ದ ಆಗ್ತದೆ. 1988 ಫೆಬ್ರವರಿಲಿ ಆಜಾದ್ ಮೈದಾನದಲ್ಲಿ ಸಚಿನ್-ಕಾಂಬ್ಳಿ 664 ರನ್ ಜೊತೆಯಾಟ ಆಡಿದ್ದು ಹ್ಯಾರಿಸ್ ಶೀಲ್ಡ್ ಸೆಮಿಫೈನಲ್‌ನಲ್ಲಿ, 2013ರಲ್ಲಿ ಪೃಥ್ವಿ ಶಾ 546 ಹೊಡೆದದ್ದೂ ಹ್ಯಾರಿಸ್‌ನಲ್ಲೇ, ರಿಜ್ವಿ ಸ್ಪ್ರಿಂಗ್‌ಫೀಲ್ಡ್ ಪರವಾಗಿ. ಸಚಿನ್-ಕಾಂಬ್ಳಿ ಓದಿದ ಸ್ಕೂಲ್ ಶಾರದಾಶ್ರಮ ಅಂದ ಕೂಡಲೇ ಜನಕ್ಕೆ ಇವತ್ತಿಗೂ ನೆನಪಾಗೋದು ಆ 664.

ಇನ್ನು ಆಟಕ್ಕೋಸ್ಕರ ಸ್ಕೂಲ್ ಬದಲಿಸೋದು ಹೊಸದೂ ಅಲ್ಲ ತಪ್ಪೂ ಅಲ್ಲ. ಸಚಿನ್ ಬಾಂದ್ರಾದಲ್ಲಿದ್ದ ಸ್ಕೂಲ್ ಬಿಟ್ಟು ದಾದರಿನ ಶಾರದಾಶ್ರಮಕ್ಕೆ ಹೋದದ್ದು ಕೋಚ್ ಆಚ್ರೇಕರ್ ಹೇಳಿದ್ಮೇಲೆ, ಓಡಾಟ ಜಾಸ್ತಿ ಆಯ್ತು ಅಂತ ಶಿವಾಜಿ ಪಾರ್ಕ್ ಹತ್ತಿರ ಚಿಕ್ಕಪ್ಪ ಚಿಕ್ಕಮ್ಮನ ಮನೇಲಿ ಇದ್ದು ಆಡಿದ. ರೋಹಿತ್ ಶರ್ಮಾ ಅಪ್ಪ ಅಮ್ಮ ನಮ್ಮ ಡೊಂಬಿವಲಿಯಲ್ಲೇ ಒಂದು ರೂಮಿನ ಮನೇಲಿದ್ದರು, ಅವನು ಬೋರಿವಲಿಯಲ್ಲಿ ಅಜ್ಜ ಅಜ್ಜಿ ಜೊತೆ, ಕೋಚ್ ದಿನೇಶ್ ಲಾಡ್ ಅವನನ್ನ ಸ್ವಾಮಿ ವಿವೇಕಾನಂದ ಇಂಟರ್‌ನ್ಯಾಷನಲ್ ಸ್ಕೂಲಿಗೆ ಕರೆಸಿ ಫೀ ಮಾಫ್ ಮಾಡಿಸಿದ್ರು. ಶಾರ್ದೂಲ್ ಠಾಕೂರ್ ಪಾಲ್ಘರ್ ಕಡೆಯವನು, ಅದೇ ಸ್ಕೂಲಿಗೆ ಬಂದು ಅದೇ ಲಾಡ್ ಸರ್ ಮನೇಲಿ ಉಳ್ಕೊಂಡು ಆಡಿದ. ಆದರೆ ಅದೇ ಡೊಂಬಿವಲಿಯ ಅಜಿಂಕ್ಯ ರಹಾನೆ ಎಸ್.ವಿ. ಜೋಶಿ ಹೈಸ್ಕೂಲ್‌ನಲ್ಲೇ ಹತ್ತನೇ ಮುಗಿಸಿದವನು, ಅದನ್ನೂ ಮರೀಬೇಡಿ. ಕೋಚ್‌ಗಳು ನಿಮಗೆ ಮೊದಲ ಮೂರು ಕಥೆ ಹೇಳ್ತಾರೆ, ನಾಲ್ಕನೇದು ಹೇಳಲ್ಲ.

ಮೊದಲು ಕ್ಯಾಲೆಂಡರ್ ಹಿಡೀರಿ

ನನ್ನ ಪ್ರಕಾರ ಇಡೀ ವಿಷಯದ ಬೇರು ಇಲ್ಲುಂಟು. ಸ್ಕೂಲಿಗೆ ಬೇಕಾಗಿರೋದು ನಿಮ್ಮ ಮಗುವಿನ ಬರ್ತ್ ಸರ್ಟಿಫಿಕೇಟ್‌ನಲ್ಲಿ ಉಳಿದಿರೋ ಸೀಸನ್‌ಗಳು. 14ರ ಒಳಗೆ ಎಷ್ಟು ಸೀಸನ್, 16ರ ಒಳಗೆ ಎಷ್ಟು ಸೀಸನ್, ಅಷ್ಟು ಮುಗಿದ ಮೇಲೆ ಆ ಹುಡುಗ ಎಷ್ಟೇ ಚೆನ್ನಾಗಿ ಆಡಿದ್ರೂ ಸ್ಕೂಲಿನ ಶೀಲ್ಡಿಗೆ ಅವನಿಂದ ಉಪಯೋಗ ಇಲ್ಲ. ಇದು ಕೆಟ್ಟದ್ದು ಅಂತ ಹೇಳ್ತಿಲ್ಲ, ಲೆಕ್ಕ ಹಾಗುಂಟು ಅಷ್ಟೇ, ಹಾಗಾಗಿ ನೀವೂ ಲೆಕ್ಕ ಹಾಕಿ.

ಒಂದು ಪೇಪರ್ ತಗೊಂಡು ಏಳನೇ ಕ್ಲಾಸಿಂದ ಹನ್ನೆರಡನೇ ಕ್ಲಾಸ್‌ವರೆಗೆ ಬರೀರಿ, ಪಕ್ಕದಲ್ಲಿ ಆ ವರ್ಷ ಮಗುವಿನ ವಯಸ್ಸು, ಅದರ ಪಕ್ಕ ಯಾವ ಟೂರ್ನಮೆಂಟ್ ಆಡಬಹುದು. ಕಟ್-ಆಫ್ ತಾರೀಕು ಎಲ್ಲಾ ಕಡೆ ಒಂದೇ ಅಂದ್ಕೊಬೇಡಿ. ಬಿಸಿಸಿಐ ವಯಸ್ಸಿನ ಗುಂಪುಗಳಿಗೆ ಸೆಪ್ಟೆಂಬರ್ 1, ಅಂದ್ರೆ ಆಗಸ್ಟ್ 28ಕ್ಕೆ ಹುಟ್ಟಿದ ಹುಡುಗ ಮತ್ತು ಸೆಪ್ಟೆಂಬರ್ 3ಕ್ಕೆ ಹುಟ್ಟಿದ ಹುಡುಗ ಒಂದೇ ಬೆಂಚಿನಲ್ಲಿ ಕೂತಿದ್ರೂ ಒಬ್ಬನಿಗೆ ಒಂದು ಸೀಸನ್ ಪೂರ್ತಿ ಜಾಸ್ತಿ ಸಿಗ್ತದೆ. ಸರ್ಕಾರದ ಸ್ಕೂಲ್ ಗೇಮ್ಸ್‌ನಲ್ಲಿ ಗುಂಪುಗಳೇ ಬೇರೆ, 14, 17, 19. ಆಯಾ ಟೂರ್ನಮೆಂಟಿನ ಆ ವರ್ಷದ ಸರ್ಕ್ಯುಲರ್ ಕೇಳಿ ತಗೊಳ್ಳಿ, ಕೋಚ್ ಬಾಯಲ್ಲಿ ಹೇಳಿದ್ದು ಸಾಕಾಗಲ್ಲ.

ಹೀಗೆ ಬರೆದ್ರೆ ಸಾಮಾನ್ಯವಾಗಿ ಕಾಣೋದು ಏನಂದ್ರೆ ಎಂಟನೇ ಕ್ಲಾಸಿಗೆ ಸೇರಿದ ಹುಡುಗನಿಗೆ ಗೈಲ್ಸ್ ಒಂದು ಸೀಸನ್ ಸಿಕ್ಕಿದ್ರೆ ಪುಣ್ಯ, ಆಮೇಲೆ ಒಂಬತ್ತು ಮತ್ತು ಹತ್ತರಲ್ಲಿ ಹ್ಯಾರಿಸ್. ಅಂದ್ರೆ ಅವನು ದೇಹದಲ್ಲೂ ಆಟದಲ್ಲೂ ಬಲವಾಗಿರೋ ಹ್ಯಾರಿಸ್ ಸೀಸನ್ ಸರಿಯಾಗಿ ಹತ್ತನೇ ಕ್ಲಾಸಿನ ವರ್ಷ, ಮ್ಯಾಚ್‌ಗಳು ದೀಪಾವಳಿ ಆಚೆ ಈಚೆ ನಡೀತವೆ, ಗೆದ್ದರೆ ಇನ್ನೂ ಮುಂದೆ ಹೋಗ್ತವೆ, ಅದರ ಹಿಂದೆಯೇ ಪ್ರಿಲಿಮ್ಸ್, ಅಂದ್ರೆ ಬೋರ್ಡ್ ಎಕ್ಸಾಮ್ ಮುಂಚೆ ಸ್ಕೂಲ್ ನಡೆಸೋ ಪರೀಕ್ಷೆ. ಸೋತ ಟೀಮಿನ ಹುಡುಗ ಓದೋಕೆ ಕೂರ್ತಾನೆ, ಗೆಲ್ಲೋ ಟೀಮಿನ ಹುಡುಗ ಫೀಲ್ಡ್‌ನಲ್ಲಿ ನಿಂತಿರ್ತಾನೆ. ಆರನೇ ಏಳನೇ ಕ್ಲಾಸಿಗೆ ಹೋದವನಿಗೆ ಹೊಸ ಸ್ಕೂಲಿಗೆ ಹೊಂದ್ಕೊಳ್ಳೋಕೆ ಟೈಮ್ ಸಿಗ್ತದೆ. ಒಂಬತ್ತಕ್ಕೆ ಬದಲಿಸೋದಾದ್ರೆ ಕಾರಣ ತುಂಬಾ ಗಟ್ಟಿ ಇರ್ಬೇಕು. ಹತ್ತಕ್ಕೆ ಬದಲಿಸೋ ಮಾತೇ ಬೇಡ, ನಾನಂತೂ ಯಾರಿಗೂ ಹೇಳಲ್ಲ.

ಹತ್ತನೇ ಆದ ಮೇಲಿನ ಎರಡು ಸಾಲೂ ಖಾಲಿ ಬಿಡ್ಬೇಡಿ. ಮಹಾರಾಷ್ಟ್ರ ಬೋರ್ಡಿನ ಎಷ್ಟೋ ಸ್ಕೂಲ್ ಹತ್ತಕ್ಕೇ ಮುಗೀತದೆ, ಹನ್ನೊಂದಕ್ಕೆ ಜೂನಿಯರ್ ಕಾಲೇಜಿನ ಆನ್‌ಲೈನ್ ಅಡ್ಮಿಷನ್, ಅಲ್ಲಿ ಸ್ಪೋರ್ಟ್ಸ್ ಕೋಟಾ ಉಂಟು ಆದ್ರೆ ಅದಕ್ಕೆ ಕೇಳೋದು ಸರ್ಟಿಫಿಕೇಟು, ಶೀಲ್ಡಿನ ಫೋಟೋ ಅಲ್ಲ. ರವಿ ಶಾಸ್ತ್ರಿ 1977ರಲ್ಲಿ ಕ್ಯಾಪ್ಟನ್ ಆಗಿ ಮಾಟುಂಗಾದ ಡಾನ್ ಬಾಸ್ಕೊ ಸ್ಕೂಲಿಗೆ ಮೊದಲ ಸಲ ಗೈಲ್ಸ್ ಶೀಲ್ಡ್ ಗೆಲ್ಲಿಸಿದ್ದು, ಆಮೇಲೆ ಅಲ್ಲೇ ಹತ್ತಿರದ ಪೋದಾರ್ ಕಾಲೇಜಿಗೆ ಹೋದ. ಅಂಥ ದಾರಿ ಈಗ್ಲೂ ಉಂಟು, ನಿಮ್ಮ ಮಗುಗೆ ಆ ದಾರಿ ಎಲ್ಲಿಂದ ಎಲ್ಲಿಗೆ ಅಂತ ಸ್ಕೂಲ್ ಆಯ್ಕೆ ಮಾಡುವಾಗ್ಲೇ ಗೊತ್ತಿರ್ಬೇಕು.

ಮಾತು ಕೊಟ್ಟವರು ಯಾರು

ಕಲ್ಯಾಣದಲ್ಲಿರೋ ನನ್ನ ಗೆಳೆಯರೊಬ್ಬರು, ವಿಜಯಪುರ ಕಡೆಯವರು, ಖುಷಿಯಿಂದ ಫೋನ್ ಮಾಡಿದ್ರು. "ಸರ್ರ, ಫೀ ಎಲ್ಲಾ ಮಾಫ್ ಅಂದಾರ್ರಿ, ಇನ್ನೇನ್ ಯೋಚನಿ ಮಾಡೂದೈತಿ?" ನಾನು ಕೇಳಿದೆ, ಅಂದವರು ಯಾರು? "ಕೋಚ್ ಸಾಹೇಬ್ರು." ಪ್ರಿನ್ಸಿಪಾಲ್‌ನ ನೋಡಿದ್ರಾ? "ಇಲ್ರಿ, ಅವರು ಬಿಜಿ ಇರ್ತಾರಂತ."

ಮುಂಬೈನಲ್ಲಿ ಸುಮಾರು ಸ್ಕೂಲ್ ಕೋಚ್‌ಗಳು ಸ್ಕೂಲಿನ ಪರ್ಮನೆಂಟ್ ಸ್ಟಾಫ್ ಅಲ್ಲ, ಅವರದೇ ಅಕಾಡೆಮಿ ಇರ್ತದೆ, ಸ್ಕೂಲ್ ಜೊತೆ ಒಂದೊಂದು ವರ್ಷದ ಕಾಂಟ್ರ್ಯಾಕ್ಟ್. ಅವರು ಒಳ್ಳೆಯವರೇ ಇರಬಹುದು, ಕೊಟ್ಟ ಮಾತು ಮನಸಾರೆ ಕೊಟ್ಟದ್ದೇ ಇರಬಹುದು, ಆದ್ರೆ ಮುಂದಿನ ವರ್ಷ ಅವರು ಬೇರೆ ಸ್ಕೂಲಿಗೆ ಹೋದ್ರೆ ಆ ಮಾತು ಅವರ ಜೊತೆಗೇ ಹೋಗ್ತದೆ. ಆಗ ಹೊಸ ಕೋಚ್ ತನ್ನ ಅಕಾಡೆಮಿ ಹುಡುಗರನ್ನ ತರ್ತಾರೆ, ನಿಮ್ಮವನು "ಹಳೇ ಸರ್ ಹುಡುಗ" ಆಗ್ತಾನೆ. ಹಾಗಾಗಿ ಕೋಚ್ ಎಷ್ಟು ವರ್ಷದಿಂದ ಆ ಸ್ಕೂಲಲ್ಲಿದ್ದಾರೆ ಅಂತ ಕೇಳಿ, ಮತ್ತೆ ಅವರ ಅಕಾಡೆಮಿಗೆ ಬೇರೆ ಫೀ ಕಟ್ಟಿ ಸೇರ್ಲೇಬೇಕಾ ಅಂತಾನೂ ಕೇಳಿ. ಕೆಲವು ಕಡೆ ಸ್ಕೂಲ್ ಫೀ ಮಾಫ್, ಅಕಾಡೆಮಿ ಫೀ ಮಾತ್ರ ತಿಂಗಳು ತಿಂಗಳು ಕಟ್ಬೇಕು, ವರ್ಷದ ಕೊನೆಗೆ ಕೂಡಿಸಿದ್ರೆ ಎರಡೂ ಹೆಚ್ಚು ಕಮ್ಮಿ ಒಂದೇ.

ಫೀ ಮಾಫ್ ಅನ್ನೋ ಮಾತು ಎಷ್ಟು ಉದ್ದ ಎಷ್ಟು ಅಗಲ ಅಂತ ಬಿಡಿಸಿ ಕೇಳ್ಬೇಕು. ಟ್ಯೂಷನ್ ಫೀ ಮಾತ್ರನಾ, ಟರ್ಮ್ ಫೀ, ಎಕ್ಸಾಮ್ ಫೀ, ಬುಕ್ಸು, ಯೂನಿಫಾರ್ಮು, ಬಸ್ಸು ಎಲ್ಲ ಸೇರಿನಾ. ಮ್ಯಾಚ್ ದಿನ ಊಟ, ಹೋಗಿ ಬರೋ ಖರ್ಚು ಯಾರದ್ದು. ಕಿಟ್ ಕೊಡ್ತಾರಾ, ಕೊಟ್ಟರೆ ವಾಪಸ್ ಕೊಡ್ಬೇಕಾ, ಯಾಕಂದ್ರೆ ಒಂದು ಸುಮಾರಾದ ಇಂಗ್ಲಿಷ್ ವಿಲೋ ಬ್ಯಾಟಿಗೇ ಹತ್ತು ಹದಿನೈದು ಸಾವಿರ ಇಡ್ಬೇಕು, ಬೆಳೆಯೋ ಹುಡುಗನಿಗೆ ಪ್ಯಾಡು ಶೂ ವರ್ಷಕ್ಕೊಮ್ಮೆ ಸಣ್ಣದಾಗ್ತವೆ. ಎಲ್ಲಕ್ಕಿಂತ ಮುಖ್ಯ, ಈ ಮಾಫಿ ಎಷ್ಟು ವರ್ಷ? ಹತ್ತನೇವರೆಗಾ? ಪ್ರತಿ ವರ್ಷ ರಿವ್ಯೂ ಉಂಟಾ? ಕೈ ಮುರಿದು ಒಂದು ಸೀಸನ್ ಆಡದೇ ಇದ್ರೆ? ಟೀಮಿಂದ ತೆಗೆದ್ರೆ? ಅವನೇ ಒಂದು ದಿನ ಆಡಲ್ಲ ಅಂದ್ರೆ?

ಈ ಪ್ರಶ್ನೆಗಳನ್ನ ಕೇಳೋಕೆ ನಮ್ಮ ಜನ ನಾಚ್ಕೊಳ್ತಾರೆ, ಪುಕ್ಕಟೆ ಕೊಡ್ತಿರುವಾಗ ಹೀಗೆಲ್ಲ ಕೇಳಿದ್ರೆ ಏನಂದ್ಕೊಳ್ತಾರೋ ಅಂತ. ಪುಕ್ಕಟೆ ಅಲ್ಲ ಅದು, ನಿಮ್ಮ ಹುಡುಗ ಬಿಸಿಲಲ್ಲಿ ದಿನಗಟ್ಟಲೆ ನಿಂತು ದುಡಿದು ಕೊಡ್ತಾನೆ. ಪ್ರಿನ್ಸಿಪಾಲ್ ಹತ್ತಿರ ಹೋಗಿ, ಶಾಂತವಾಗಿ, "ಮೇಡಂ, ಇದನ್ನ ಸ್ಕೂಲ್ ಲೆಟರ್‌ಹೆಡ್ ಮೇಲೆ ಎರಡು ಸಾಲು ಬರೆದು ಕೊಟ್ಟರೆ ನಮಗೆ ಧೈರ್ಯ" ಅಂತ ಕೇಳಿ. ಒಳ್ಳೆ ಸ್ಕೂಲ್ ಕೊಡ್ತದೆ, ಅಥವಾ ಇಲ್ಲ ನಮ್ಮ ಟ್ರಸ್ಟ್‌ನಲ್ಲಿ ವರ್ಷಕ್ಕೊಂದು ಸಲ ಮಾತ್ರ ನಿರ್ಧಾರ ಆಗೋದು ಅಂತ ನೇರ ಹೇಳ್ತದೆ, ಅದೂ ಒಂದು ಉತ್ತರವೇ. ಬರೆದು ಕೊಡಲ್ಲ, ಸರಿಯಾಗಿ ಹೇಳೋದೂ ಇಲ್ಲ ಅಂದ್ರೆ ಪೂರ್ತಿ ಫೀ ಕಟ್ಟೋ ಶಕ್ತಿ ನಿಮಗುಂಟಾ ಅಂತ ನೋಡ್ಕೊಂಡು ಆಮೇಲೆ ಮುಂದುವರೀರಿ.

ಉಲ್ಟಾ ಕೇಸೂ ಉಂಟು. ನಡುವೆ ಒಬ್ಬ ಬಂದು, "ಇಷ್ಟು ಕೊಡಿ, ಆ ಸ್ಕೂಲಿನ ಟೀಮಲ್ಲಿ ಸೆಟ್ಟಿಂಗ್ ಮಾಡಿಸ್ತೇನೆ" ಅಂತಾನೆ. ಅಲ್ಲಿಂದ ಎದ್ದು ಬನ್ನಿ. ಅಡ್ಮಿಷನ್‌ಗೆ ಅಂತ ಡೊನೇಷನ್ ತಗೊಳ್ಳೋದಕ್ಕೆ ಮಹಾರಾಷ್ಟ್ರದಲ್ಲಿ 1987ರಿಂದಲೇ ಕ್ಯಾಪಿಟೇಷನ್ ಫೀ ವಿರುದ್ಧ ಕಾನೂನು ಉಂಟು, ದುಡ್ಡು ಕೊಟ್ಟು ಟೀಮಿಗೆ ಬಂದ ಹುಡುಗನಿಗೆ ಡ್ರೆಸಿಂಗ್ ರೂಮಲ್ಲಿ ಏನು ಮರ್ಯಾದೆ ಸಿಗ್ತದೆ ಅನ್ನೋದು ಬೇರೆ.

ಆಡೋಕೆ ಸಿಗ್ತದಾ

ಶೀಲ್ಡ್ ಗೆಲ್ಲೋ ಸ್ಕೂಲ್ ಬೇಕು ಅಂತ ಎಲ್ಲರಿಗೂ ಆಸೆ. ಆದ್ರೆ ಬಲವಾದ ಸ್ಕೂಲಲ್ಲಿ ನಿಮ್ಮ ಹುಡುಗನಂಥವರು ಇನ್ನೂ ಹತ್ತಾರು ಜನ ಇರ್ತಾರೆ, ಗ್ರೌಂಡಿಗಿಳಿಯೋದು ಹನ್ನೊಂದು. ಇಳಿದ ಮೇಲೂ ಬ್ಯಾಟಿಂಗ್ ಬರ್ಬೇಕಲ್ಲ. ಆ 664ರ ದಿನ ಮುಂದಿನ ಬ್ಯಾಟ್ಸ್‌ಮನ್ ಆಗಿ ಪ್ಯಾಡ್ ಕಟ್ಕೊಂಡು ಕೂತಿದ್ದ ಹುಡುಗ ಅಮೋಲ್ ಮುಜುಂದಾರ್, ಕೂತೇ ಇದ್ದ, ಅವನ ಸರದಿ ಬರ್ಲೇ ಇಲ್ಲ. ಮುಂದೆ ರಣಜಿಯಲ್ಲಿ ರಾಶಿ ರನ್ ಹೊಡೆದ, 2025ರಲ್ಲಿ ವರ್ಲ್ಡ್ ಕಪ್ ಗೆದ್ದ ಭಾರತದ ಹೆಣ್ಮಕ್ಕಳ ಟೀಮಿಗೆ ಕೋಚ್ ಅವನೇ, ಅಷ್ಟು ದೊಡ್ಡ ಪ್ರತಿಭೆಗೇ ಸ್ಕೂಲ್ ಟೀಮಲ್ಲಿ ಕಾಯೋದು ತಪ್ಪಲಿಲ್ಲ ಅಂದ್ರೆ ಆರನೇ ನಂಬರಿನ ಸಾಧಾರಣ ಬ್ಯಾಟ್ಸ್‌ಮನ್ ಗತಿ ಯೋಚನೆ ಮಾಡಿ.

ಇದಕ್ಕೆ ಈಗ ಒಂದು ಅನುಕೂಲ ಉಂಟು. ಸುಮಾರು ಮ್ಯಾಚ್‌ಗಳ ಸ್ಕೋರ್ ಕ್ರಿಕ್‌ಹೀರೋಸ್ ಥರದ ಆ್ಯಪಲ್ಲಿ ಸಿಗ್ತದೆ, ಪೇಪರಲ್ಲೂ ಬರ್ತದೆ. ಹೋದ ಎರಡು ವರ್ಷದ ಆ ಸ್ಕೂಲಿನ ಸ್ಕೋರ್‌ಕಾರ್ಡ್ ತೆಗೆದು ಕೂತ್ಕೊಳ್ಳಿ. ಒಟ್ಟು ಎಷ್ಟು ಬೇರೆ ಬೇರೆ ಹುಡುಗರು ಆಡಿದ್ದಾರೆ? ಒಂದರಿಂದ ನಾಲ್ಕು ನಂಬರ್ ಯಾರು, ಅವರಲ್ಲಿ ಎಷ್ಟು ಜನ ಈ ವರ್ಷವೂ ವಯಸ್ಸಿನ ಒಳಗೆ ಇದ್ದಾರೆ? ನಿಮ್ಮವನು ಲೆಫ್ಟ್ ಆರ್ಮ್ ಸ್ಪಿನ್ನರ್ ಆದ್ರೆ ಅಲ್ಲಿ ಈಗಾಗ್ಲೇ ಎಷ್ಟು ಲೆಫ್ಟ್ ಆರ್ಮ್ ಸ್ಪಿನ್ನರ್? ಗೈಲ್ಸ್ ಆಡಿದವರಲ್ಲಿ ಎಷ್ಟು ಜನ ಎರಡು ವರ್ಷ ಆದ್ಮೇಲೆ ಅದೇ ಸ್ಕೂಲಿನ ಹ್ಯಾರಿಸ್ ಟೀಮಲ್ಲಿ ಕಾಣ್ತಾರೆ? ಈ ಕೊನೇ ಪ್ರಶ್ನೆ ನನಗೆ ಎಲ್ಲಕ್ಕಿಂತ ಇಷ್ಟ. ಹಳೇ ಹೆಸರುಗಳೇ ಮುಂದುವರಿದಿದ್ರೆ ಆ ಸ್ಕೂಲ್ ಹುಡುಗರನ್ನ ಬೆಳೆಸ್ತದೆ. ಹ್ಯಾರಿಸ್ ಟೀಮ್ ಪೂರ್ತಿ ಹೊಸ ಹೆಸರಾದ್ರೆ ನಿಮ್ಮ ಹುಡುಗನ ಜಾಗಕ್ಕೂ ಎರಡು ವರ್ಷ ಬಿಟ್ಟು ಇನ್ನೊಬ್ಬನ್ನ ಹುಡುಕ್ಕೊಂಡು ಹೋಗ್ತಾರೆ ಅಂತ ಅರ್ಥ.

ಹಾಗಂತ ತೀರಾ ಸಣ್ಣ ಟೀಮೂ ಕಷ್ಟ. ಅಲ್ಲಿ ಮೂರನೇ ನಂಬರ್ ಖಾತ್ರಿ, ಬೌಲಿಂಗೂ ಓಪನ್ ಮಾಡಬಹುದು, ಆದ್ರೆ ಮೊದಲ ರೌಂಡಲ್ಲೇ ದೊಡ್ಡ ಸ್ಕೂಲ್ ಸಿಕ್ಕಿ ದಿನಪೂರ್ತಿ ಫೀಲ್ಡಿಂಗ್ ಮಾಡಿ ಸೋತ್ರೆ ವರ್ಷದ ಸ್ಕೂಲ್ ಕ್ರಿಕೆಟ್ ಅಲ್ಲಿಗೆ ಮುಗೀತು. ನನ್ನ ಓಟು ನಡುವಿನ ಸ್ಕೂಲ್‌ಗಳಿಗೆ, ಕ್ವಾರ್ಟರ್ ಫೈನಲ್ ಆಚೆ ಈಚೆ ಬರೋವು, ಹೆಸರು ಪೇಪರಲ್ಲಿ ಕಮ್ಮಿ, ಆಡೋ ದಿನ ಜಾಸ್ತಿ. ಸೆಲೆಕ್ಟರ್‌ಗಳು ನೋಡೋದು ರನ್ನು ವಿಕೆಟ್ಟು, ಬೆಂಚಲ್ಲಿ ಕೂತವನ ಬ್ಲೇಜರ್ ನೋಡಲ್ಲ. ಇನ್ನೊಂದು, ಸ್ಕೂಲ್ ಒಂದೇ ಬಾಗಿಲಲ್ಲ, ಮುಂಬೈ ಕ್ರಿಕೆಟ್ ಅಸೋಸಿಯೇಷನ್ನಿನ ಕ್ಲಬ್ ಕ್ರಿಕೆಟ್ ಉಂಟು, ಮಳೆಗಾಲದ ಕಾಂಗಾ ಲೀಗ್ 1948ರಿಂದ ನಡೀತಾ ಉಂಟು, ಒಳ್ಳೆ ಕ್ಲಬ್ಬಲ್ಲಿ ಹೆಸರಿದ್ರೆ ಸ್ಕೂಲ್ ಟೀಮ್ ಸಾಧಾರಣ ಆದ್ರೂ ನಡೀತದೆ.

ಟ್ರಯಲ್ಸ್‌ಗೆ ಹೋದಾಗ ಅಪ್ಪಂದಿರು ದಯವಿಟ್ಟು ನೆಟ್ ಹಿಂದೆ ನಿಂತು ಕೂಗಬೇಡಿ. ಸುಮ್ಮನೆ ಆಚೆ ಕೂತು ಬೇರೇದನ್ನ ನೋಡಿ, ಕ್ಯಾಚ್ ಬಿಟ್ಟ ಹುಡುಗನ್ನ ಕೋಚ್ ಹೇಗೆ ಮಾತಾಡಿಸ್ತಾರೆ, ಮಕ್ಕಳು ನೀರು ಕುಡಿಯೋಕೆ ಕೇಳ್ಬೇಕಾ ತಾವೇ ಹೋಗಬಹುದಾ, ಹನ್ನೆರಡನೇ ಹುಡುಗ ಏನು ಮಾಡ್ತಾ ಇರ್ತಾನೆ. ಬ್ರೇಕಲ್ಲಿ ಒಬ್ಬ ಹತ್ತನೇ ಕ್ಲಾಸಿನ ಪ್ಲೇಯರ್‌ನ ಮಾತಾಡಿಸಿ, ತಪ್ಪಿದ ಪಾಠ ಯಾರು ಹೇಳ್ಕೊಡ್ತಾರೆ ಅಂತ ಕೇಳಿ. "ಯಾರೂ ಇಲ್ಲ ಅಂಕಲ್, ಫ್ರೆಂಡ್ ನೋಟ್ಸ್" ಅಂದ ಅಂದ್ರೆ ಬ್ರೋಷರಲ್ಲಿ ಏನಿದ್ರೂ ಅದೇ ನಿಜ.

ಕಾಗದ ಪತ್ರ, ಅದರಲ್ಲೂ ನಮ್ಮವರದ್ದು

ನಮ್ಮ ಕನ್ನಡದ ಮನೆಗಳಿಗೆ ತಲೆನೋವು ಜಾಸ್ತಿ ಇಲ್ಲೇ. ಚೊಚ್ಚಲ ಬಾಣಂತನ ತವರಲ್ಲಿ ಆಗ್ತದಲ್ಲ, ಹಾಗಾಗಿ ಮಗು ಬೆಳೆದದ್ದು ಠಾಣೆಯಲ್ಲಾದ್ರೂ ಬರ್ತ್ ಸರ್ಟಿಫಿಕೇಟ್ ಕುಂದಾಪುರದ್ದೋ ಕಲಬುರಗಿಯದ್ದೋ ಗದಗದ್ದೋ ಇರ್ತದೆ, ಕೆಲವರದ್ದರಲ್ಲಿ ಮಗುವಿನ ಹೆಸರೇ ಇರಲ್ಲ, ಹೆಣ್ಣು ಶಿಶು ಗಂಡು ಶಿಶು ಅಂತ ಬಿಟ್ಟಿರ್ತಾರೆ. ಇದ್ರೂ ನಮ್ಮ ಕಡೆ ಪದ್ಧತಿ ಪ್ರಕಾರ ಹೆಸರು, ಮುಂದೆ ಇನಿಷಿಯಲ್. ಇಲ್ಲಿ ಮಹಾರಾಷ್ಟ್ರದಲ್ಲಿ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಅಂತ ಮೂರು ಖಾನೆ. ಸ್ಕೂಲಿನವರು ಅಂದಾಜಲ್ಲಿ ಊರಿನ ಹೆಸರನ್ನ ಅಡ್ಡಹೆಸರು ಮಾಡಿರ್ತಾರೆ, ಆಧಾರ್‌ನಲ್ಲಿ ಇನ್ನೊಂದು, ಪಾಸ್‌ಪೋರ್ಟಲ್ಲಿ ಮತ್ತೊಂದು. ಓದೋಕೆ ಇದು ಅಡ್ಡಿ ಆಗಲ್ಲ. ಆಟದಲ್ಲಿ ಪ್ರತಿ ರಿಜಿಸ್ಟ್ರೇಷನ್‌ಗೂ ವಯಸ್ಸಿನ ದಾಖಲೆ ಕೇಳ್ತಾರೆ, ಎರಡು ಕಾಗದದಲ್ಲಿ ಎರಡು ಹೆಸರಿದ್ರೆ ಅನುಮಾನ, ಎದುರಾಳಿ ಸ್ಕೂಲ್ ಪ್ರೊಟೆಸ್ಟ್ ಹಾಕಿದ್ರೆ ಇಡೀ ಟೀಮಿಗೇ ತೊಂದರೆ.

ಹಾಗಾಗಿ ಸ್ಕೂಲ್ ಬದಲಿಸೋ ಯೋಚನೆ ಬಂದ ದಿನವೇ ಬರ್ತ್ ಸರ್ಟಿಫಿಕೇಟ್, ಆಧಾರ್, ಈಗಿನ ಸ್ಕೂಲಿನ ಜನರಲ್ ರಿಜಿಸ್ಟರ್ ಮೂರನ್ನೂ ಪಕ್ಕ ಪಕ್ಕ ಇಟ್ಟು ಅಕ್ಷರ ಅಕ್ಷರ ನೋಡಿ. ಸರ್ಟಿಫಿಕೇಟಲ್ಲಿ ಹೆಸರಿಲ್ಲದಿದ್ರೆ ಊರಿಗೆ ಹೋದಾಗ ಅಲ್ಲಿನ ಜನನ ಮರಣ ನೋಂದಣಿ ಆಫೀಸಲ್ಲಿ ಸೇರಿಸಿ, ಕರ್ನಾಟಕದಲ್ಲಿ ಇ-ಜನ್ಮ ವ್ಯವಸ್ಥೆ ಬಂದ ಮೇಲೆ ಡಿಜಿಟಲ್ ಪ್ರತಿ ಸಿಗ್ತದೆ. ಸ್ಕೂಲ್ ರಿಜಿಸ್ಟರಲ್ಲಿ ತಪ್ಪಿದ್ರೆ ಎಲ್.ಸಿ. ತೆಗೆಯೋ ಮುಂಚೇನೇ ಸರಿ ಮಾಡಿಸಿ, ಎಲ್.ಸಿ.ಯಲ್ಲಿ ಬರೆದದ್ದೇ ಮುಂದಿನ ಸ್ಕೂಲಿನ ರಿಜಿಸ್ಟರಿಗೆ ಹೋಗ್ತದೆ, ಆಮೇಲೆ ತಿದ್ದಬೇಕು ಅಂದ್ರೆ ಶಿಕ್ಷಣಾಧಿಕಾರಿ ಆಫೀಸಿಗೆ ಅಲೆಯೋ ಕೆಲಸ.

ವಯಸ್ಸು ಕಮ್ಮಿ ಮಾಡಿಸೋ ಸಲಹೆ ಯಾರಾದ್ರೂ ಕೊಟ್ಟೇ ಕೊಡ್ತಾರೆ, "ಊರಲ್ಲಿ ಮಾಡಿಸ್ಕೊಂಡು ಬನ್ನಿ, ಅಲ್ಲಿ ಸುಲಭ" ಅಂತ. ಬೇಡ. ಬಿಸಿಸಿಐ 16ರ ಒಳಗಿನ ಹುಡುಗರಿಗೆ ಎಡಗೈ ಮಣಿಕಟ್ಟಿನ ಎಕ್ಸ್-ರೇ ತೆಗೆದು ಟಿಡಬ್ಲ್ಯೂ3 ಅನ್ನೋ ವಿಧಾನದಲ್ಲಿ ಎಲುಬಿನ ವಯಸ್ಸು ನೋಡ್ತದೆ, ಹೆಣ್ಮಕ್ಕಳಿಗೆ 15ರ ಒಳಗಿನ ಗುಂಪಲ್ಲಿ. ಕಾಗದ ಸುಳ್ಳು ಅಂತ ಗೊತ್ತಾದ್ರೆ ಬ್ಯಾನ್ ಬೀಳೋದು ಮಗುವಿಗೆ, ಸಲಹೆ ಕೊಟ್ಟವನಿಗಲ್ಲ. ಕೆಲವು ಮಕ್ಕಳು ಬೇಗ ಬೆಳೀತಾರೆ, ಕಾಗದ ಸರಿ ಇದ್ರೂ ಎಲುಬಿನ ವಯಸ್ಸು ಜಾಸ್ತಿ ಬಂದು 16ರ ಒಳಗಿನ ಗುಂಪಿಂದ ಹೊರಗೆ ಹೋಗಬಹುದು, ಅದು ಮೋಸ ಅಲ್ಲ, ದೇಹದ ಸ್ವಭಾವ. ಹದಿಮೂರಕ್ಕೇ ಮೀಸೆ ಬಂದ ಹುಡುಗನ ಅಪ್ಪ ಅಮ್ಮ ಇದನ್ನ ತಲೇಲಿಟ್ಟು ಪ್ಲಾನ್ ಮಾಡಿ.

ಓಡಾಟ, ಓದು

ಡೊಂಬಿವಲಿಯಿಂದ ಬಾಂದ್ರಾ ಬೋರಿವಲಿ ಸ್ಕೂಲಿಗೆ ಅಂದ್ರೆ ದಾದರಲ್ಲಿ ಲೈನ್ ಬದಲಿಸ್ಬೇಕು, ಕಿಟ್ ಬ್ಯಾಗ್ ಹಿಡ್ಕೊಂಡು ಬೆಳಗಿನ ಫಾಸ್ಟ್ ಲೋಕಲ್ ಹತ್ತೋದು ದೊಡ್ಡವರಿಗೇ ಆಗಲ್ಲ, ಹುಡುಗರು ಲಗೇಜ್ ಡಬ್ಬಾದಲ್ಲಿ ಹೋಗ್ತಾರೆ. ಒಪ್ಪಿಕೊಳ್ಳೋ ಮುಂಚೆ ಒಂದು ಸೋಮವಾರ, ಸ್ಕೂಲ್ ಟೈಮಿಗೆ ಸರಿಯಾಗಿ, ಕಿಟ್ ಸಮೇತ ಮಗು ಜೊತೆ ಹೋಗಿ ಬನ್ನಿ. ಭಾನುವಾರ ಹೋಗಿ ಬಂದು "ಪರವಾಗಿಲ್ಲ, ಆರಾಮ ಉಂಟು" ಅಂತ ತೀರ್ಮಾನ ಮಾಡಬೇಡಿ. ನೆಂಟರ ಮನೇಲಿ ಬಿಡೋ ಯೋಚನೆ ಇದ್ರೆ ಆ ಮನೆಯವರ ಜೊತೆ ಊಟ, ಖರ್ಚು, ಬೆಳಗ್ಗೆ ಐದಕ್ಕೆ ಎಬ್ಬಿಸೋದು ಎಲ್ಲ ಬಾಯಿಬಿಟ್ಟು ಮಾತಾಡಿ, ಸಂಕೋಚಕ್ಕೆ ಹೂಂ ಅಂದವರ ಮನೇಲಿ ಮಗು ಮೂರು ತಿಂಗಳಲ್ಲಿ ಸೊರಗ್ತದೆ.

ಓದಿನ ವಿಷಯಕ್ಕೆ ಬೋರ್ಡ್ ನೋಡ್ಕೊಳ್ಳಿ. ಸಿಬಿಎಸ್‌ಇಯಲ್ಲಿ ಮಾನ್ಯತೆ ಇರೋ ನ್ಯಾಷನಲ್ ಇಂಟರ್‌ನ್ಯಾಷನಲ್ ಟೂರ್ನಮೆಂಟ್ ಬೋರ್ಡ್ ಎಕ್ಸಾಮ್ ದಿನವೇ ಬಂದ್ರೆ ಬೇರೆ ದಿನ ಪರೀಕ್ಷೆ ಬರೆಯೋ ಅವಕಾಶ ಉಂಟು, ಅದು ಆ ಮಟ್ಟ ಮುಟ್ಟಿದವರಿಗೆ ಮಾತ್ರ. ಮಹಾರಾಷ್ಟ್ರ ಬೋರ್ಡಲ್ಲಿ ಆಟಗಾರರಿಗೆ ಹತ್ತನೇ ಹನ್ನೆರಡನೇಲಿ ಗ್ರೇಸ್ ಮಾರ್ಕ್ಸ್ ಉಂಟು, ಸ್ಕೂಲ್ ಪ್ರಸ್ತಾವ ಕಳಿಸ್ಬೇಕು, ಜಿಲ್ಲಾ ಕ್ರೀಡಾಧಿಕಾರಿ ಆಫೀಸಿಂದ ಹೋಗ್ಬೇಕು. ಅದಕ್ಕೆ ಸ್ಕೂಲಲ್ಲಿ ಕೇಳಿ, ಹ್ಯಾರಿಸ್ ಗೈಲ್ಸ್ ಬಿಟ್ಟು ಸರ್ಕಾರದ ಸ್ಕೂಲ್ ಗೇಮ್ಸ್, ಅಂದ್ರೆ ಜಿಲ್ಲೆ, ವಿಭಾಗ, ರಾಜ್ಯ ಅಂತ ಮೇಲೆ ಹೋಗೋದು, ಅದಕ್ಕೂ ಟೀಮ್ ಕಳಿಸ್ತೀರಾ ಅಂತ. ಕೆಲವು ಸ್ಕೂಲ್‌ಗಳಿಗೆ ಅದರ ಬಗ್ಗೆ ಆಸಕ್ತಿನೇ ಇಲ್ಲ. ಯಾರಾದ್ರೂ "ಸ್ಕೂಲಿಗೆ ಬರೋದೇ ಬೇಡ, ನಂಬರ್ 17 ಫಾರ್ಮ್ ತುಂಬಿ ಪ್ರೈವೇಟಾಗಿ ಹತ್ತನೇ ಬರೆಸೋಣ" ಅಂದ್ರೆ ಸ್ವಲ್ಪ ನಿಲ್ಲಿ, ಅದು ದಾರಿ ಹೌದು, ಸ್ಕೂಲಿನ ಟೀಮಲ್ಲಿ ಆಡ್ತಿರೋ ಹುಡುಗನಿಗೆ ಅದರ ಅವಶ್ಯಕತೆ ಯಾಕೆ ಬಂತು ಅನ್ನೋದೇ ಪ್ರಶ್ನೆ. ಕರ್ನಾಟಕದಿಂದ ಹೊಸದಾಗಿ ಬಂದವರಿಗೆ ಇನ್ನೊಂದು ಮಾತು, 2020ರ ಕಾನೂನಾದ್ಮೇಲೆ ಎಲ್ಲಾ ಬೋರ್ಡಿನ ಸ್ಕೂಲಲ್ಲೂ ಮರಾಠಿ ಕಲಿಸ್ಬೇಕು, ಎಂಟನೇಲಿ ಬಂದು ಸೇರಿದ ಮಗುಗೆ ಪ್ರ್ಯಾಕ್ಟೀಸ್ ಜೊತೆ ಇದೂ ಒಂದು ಭಾರ.

ಹೆಣ್ಮಕ್ಕಳು, ಬೇರೆ ಆಟ, ಪುಣೆ ಕಡೆ

ಹೆಣ್ಮಕ್ಕಳಿಗೆ ಲೆಕ್ಕ ಬೇರೆ. ಅಲ್ಲಿ ಟೀಮ್ ಇರೋ ಸ್ಕೂಲೇ ಕಮ್ಮಿ, ಹಾಗಾಗಿ ಮೊದಲ ಪ್ರಶ್ನೆ "ನಿಮ್ಮಲ್ಲಿ ಗರ್ಲ್ಸ್ ಟೀಮ್ ನಿಜವಾಗ್ಲೂ ಆಡ್ತದಾ, ಬರೀ ಹೆಸರಿಗಾ". ಜೆಮಿಮಾ ರೋಡ್ರಿಗಸ್, ಮೂಲ ಮಂಗಳೂರು ಕಡೆಯ ಕುಟುಂಬ, ಭಾಂಡುಪ್‌ನಲ್ಲಿದ್ದವರು ಆಟದ ಸೌಲಭ್ಯಕ್ಕೆ ಅಂತ ಬಾಂದ್ರಾಕ್ಕೆ ಮನೆ ಬದಲಿಸಿದ್ರು, ಸ್ಕೂಲಲ್ಲಿ ಹುಡುಗಿಯರ ಟೀಮ್ ಶುರು ಮಾಡಿದ್ದು ಅವಳ ಅಪ್ಪನೇ. ಕ್ರಿಕೆಟ್ ಜೊತೆ ರಾಜ್ಯಕ್ಕೆ ಹಾಕಿನೂ ಆಡಿದ್ಲು, ಹದಿಮೂರಕ್ಕೇ ಒಂದೇ ಆಟಕ್ಕೆ ಕಟ್ಟಿಹಾಕೋ ಸ್ಕೂಲಾಗಿದ್ರೆ ಅದು ಆಗ್ತಿರಲಿಲ್ಲ. ದೂರದ ಮ್ಯಾಚಿಗೆ ಹೋಗುವಾಗ ಲೇಡಿ ಟೀಚರ್ ಜೊತೆಗೆ ಬರ್ತಾರಾ, ಮೈದಾನದಲ್ಲಿ ಟಾಯ್ಲೆಟ್ ಎಲ್ಲಿ, ಇದನ್ನೂ ಕೇಳಿ, ನಾಚಿಕೆ ಬೇಡ.

ಬ್ಯಾಡ್ಮಿಂಟನ್, ಈಜು, ಟೇಬಲ್ ಟೆನಿಸ್ ಆಡೋರಿಗೆ ಸ್ಕೂಲ್ ಟೀಮ್ ದೊಡ್ಡ ವಿಷಯ ಅಲ್ಲ, ರ್‍ಯಾಂಕಿಂಗ್ ಬರೋದು ಅಸೋಸಿಯೇಷನ್ ಟೂರ್ನಮೆಂಟಿಂದ. ಅವರಿಗೆ ಬೇಕಾದ್ದು ರಜೆ ಕೊಡೋ, ತಪ್ಪಿದ ಟೆಸ್ಟ್ ಮತ್ತೆ ತಗೊಳ್ಳೋ, ಮನೆಗೂ ಕೋರ್ಟಿಗೂ ಹತ್ತಿರ ಇರೋ ಸ್ಕೂಲ್, ಟ್ರೋಫಿ ಕಪಾಟು ನೋಡೋದೇ ಬೇಡ.

ಪುಣೆಗೆ ಟ್ರಾನ್ಸ್‌ಫರ್ ಆಗೋ ಸಾಧ್ಯತೆ ಇರೋರು ಒಂದು ತಿಳ್ಕೊಳ್ಳಿ, ಠಾಣೆ ನವಿಮುಂಬೈ ಮುಂಬೈ ಅಸೋಸಿಯೇಷನ್ನಿಗೆ ಬರ್ತವೆ, ಪುಣೆ ಪಿಂಪ್ರಿ ಚಿಂಚವಡ್ ಮಹಾರಾಷ್ಟ್ರ ಕ್ರಿಕೆಟ್ ಅಸೋಸಿಯೇಷನ್, ಟೀಮೇ ಬೇರೆ, ಸೆಲೆಕ್ಷನ್ನೇ ಬೇರೆ. ಕ್ರಿಕೆಟ್ ಅಲ್ಲದ ಆಟಕ್ಕೆ ಪುಣೆ ಕಡೆ ಪ್ರೈವೇಟ್ ಸ್ಕೂಲಿಗಿಂತ ಬೇರೆ ದಾರಿಗಳೂ ಉಂಟು. ಬಾಲೇವಾಡಿ ಕ್ರೀಡಾ ಸಂಕುಲದಲ್ಲಿ ರಾಜ್ಯ ಸರ್ಕಾರದ ಕ್ರೀಡಾ ಪ್ರಬೋಧಿನಿ, ಅಲ್ಲೇ ಉಳ್ಕೊಂಡು ಆಡೋದು ಓದೋದು, ಪ್ಯಾರಿಸ್ 2024ರಲ್ಲಿ ರೈಫಲ್ ಶೂಟಿಂಗ್ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ಕ್ರೀಡಾ ಪ್ರಬೋಧಿನಿ ಮೂಲಕವೇ ಬಂದವನು. ಸೈನ್ಯದವರ ಬಾಯ್ಸ್ ಸ್ಪೋರ್ಟ್ಸ್ ಕಂಪನಿಯೂ ಉಂಟು, ಊಟ ವಸತಿ ಓದು ಎಲ್ಲ ಅವರದ್ದೇ, ಆದ್ರೆ ಆಮೇಲೆ ಸೈನ್ಯಕ್ಕೆ ಸೇರ್ತಾನೆ ಅನ್ನೋ ಒಪ್ಪಿಗೆ ಅಪ್ಪ ಅಮ್ಮ ಮೊದಲೇ ಕೊಡ್ಬೇಕು, ಮನೇಲಿ ಎಲ್ಲರೂ ಕೂತು ಮಾತಾಡಿ ಹೋಗಿ.

ಎಲ್.ಸಿ. ಯಾವಾಗ

ಹೊಸ ಸ್ಕೂಲಿಂದ ಸೀಟು ಖಾತ್ರಿ ಅಂತ ಲೆಟರ್ ಕೈಗೆ ಬರೋವರೆಗೆ ಹಳೇ ಸ್ಕೂಲಿಗೆ ಎಲ್.ಸಿ. ಅರ್ಜಿ ಕೊಡಬೇಡಿ, ಟ್ರಯಲ್ಸ್ ಪಾಸಾದ್ರೂ ಸರಿ. ವರ್ಷದ ಪರೀಕ್ಷೆ ಮುಗಿದು ಜೂನ್ ಮುಂಚೆ ತೆಗೆಯೋದು ಸರಿಯಾದ ಟೈಮ್. ನಡುವರ್ಷ ತೆಗೆದ್ರೆ ಆ ಸೀಸನ್ ಆಡೋಕೆ ಬಿಡ್ತಾರಾ ಇಲ್ವಾ ಅನ್ನೋ ತಕರಾರು ಬರಬಹುದು. ಹಳೇ ಫೀ ಬಾಕಿ ಇದ್ರೆ ಮುಗಿಸಿ, ರಸೀದಿ ಇಟ್ಕೊಳ್ಳಿ. ಹಳೇ ಪಿ.ಟಿ. ಸರ್‌ಗೆ ಹೇಳದೇ ರಾತ್ರೋರಾತ್ರಿ ಮಾಯ ಆಗಬೇಡಿ, ಮುಂಬೈ ಮೈದಾನ ದೊಡ್ಡದು ಕಂಡ್ರೂ ಜನ ಅವರೇ, ನಾಳೆ ಅವರೇ ಎಲ್ಲೋ ಅಂಪೈರ್ ಆಗಿ ನಿಂತಿರ್ತಾರೆ.

ಸೇರಿದ ಮೇಲೆ ಮೊದಲ ಸೀಸನ್ ಮುಗಿದಾಗ ಆ ಪೇಪರ್ ಮತ್ತೆ ತೆಗೀರಿ, ಕ್ಲಾಸು ವಯಸ್ಸು ಟೂರ್ನಮೆಂಟ್ ಬರೆದದ್ದು. ಎಷ್ಟು ಮ್ಯಾಚ್ ಆಡಿದ, ಎಷ್ಟು ಬಾಲ್ ಆಡೋಕೆ ಸಿಕ್ತು, ಎಷ್ಟು ಓವರ್ ಹಾಕಿದ, ಮಾರ್ಕ್ಸ್ ಎಷ್ಟು ಇಳೀತು ಅಂತ ಪಕ್ಕದಲ್ಲಿ ಬರೀರಿ. ಮಗುನ ಕೂರಿಸ್ಕೊಂಡು, ಕೋಚ್ ಇಲ್ಲದಿರುವಾಗ, ಮುಂದಿನ ವರ್ಷ ಇಲ್ಲೇ ಇರ್ತೀಯಾ ಅಂತ ಕೇಳಿ. ವಾಪಸ್ ಬರ್ಬೇಕು ಅಂದ್ರೆ ಹಳೇ ಸ್ಕೂಲಲ್ಲಿ ಸೀಟು ಉಂಟಾ ಅಂತ ಮಾರ್ಚ್ ಒಳಗೆ ವಿಚಾರಿಸಿ, ಮೇ ಹೊತ್ತಿಗೆ ಎಲ್ಲಾ ಕಡೆ ತುಂಬಿಹೋಗಿರ್ತದೆ.